ಪದಕದ ಮೇಲಿನ ಕುದುರೆ ಸವಾರ ನಮ್ಮ ಮುತ್ತಜ್ಜನೇ?

ಪ್ರಶ್ನೆ, ಗಂಗಾವತಿಯಿಂದ:
ನಮ್ಮ ಮನೆಯ ದೇವರ ಜಗುಲಿಯ ಮೇಲೆ ತಾಮ್ರದ ಬಣ್ಣದ ಒಂದು ಪದಕವಿದೆ. ಅದರ ಒಂದು ಬದಿಯಲ್ಲಿ ಐದನೆಯ ಜಾರ್ಜ್ ದೊರೆಯ ಮುಖವೂ ಇನ್ನೊಂದು ಬದಿಯಲ್ಲಿ ಕತ್ತಿ ಹಿಡಿದ ಬೆತ್ತಲೆ ಕುದುರೆ ಸವಾರನೂ 1914, 1918 ಎಂಬ ಇಸವಿಗಳೂ ಇವೆ. ಅಜ್ಜನ ತಂದೆ ‘ಜರ್ಮನ್ ಲಡಾಯಿ’ಗೆಂದು, ಅಂದರೆ ಮೊದಲ ಮಹಾಯುದ್ಧಕ್ಕೆಂದು, ಬಸ್ರಾಕ್ಕೆ ಹೋಗಿ ಬಂದರೆಂದು ಸೋದರತ್ತೆ ಹೇಳುತ್ತಾರೆ. ನಮ್ಮ ಊರು ಆಗ ನಿಜಾಮರ ಸೀಮೆಯಲ್ಲಿದ್ದುದರಿಂದ, ಅವರು ಹೈದರಾಬಾದ್ ಲ್ಯಾನ್ಸರ್ಸ್ ಎಂಬ ಭರ್ಜಿ ಹಿಡಿದ ಕುದುರೆ ಸವಾರರ ದಳ ಸೇರಿ ಪ್ಯಾಲೆಸ್ಟೀನಿನ ಹೈಫಾದಲ್ಲಿ ಕುದುರೆ ಏರಿ ಕಾದಿರಬೇಕೆಂಬುದು ಮನೆಯವರೆಲ್ಲರ ನಂಬಿಕೆ. ಇದನ್ನು ಖಚಿತಪಡಿಸಿಕೊಳ್ಳುವುದು ಹೇಗೆ?

ಉತ್ತರ, ರಾಯಚೂರಿನಿಂದ:
ಮನೆಯ ಮಾತಿನಲ್ಲಿ ಎರಡು ಕಥೆಗಳು ಬೆರೆತಿರುವಂತೆ ಕಾಣುತ್ತದೆ. ಹೈದರಾಬಾದ್ ಮತ್ತು ಮೈಸೂರಿನ ಲ್ಯಾನ್ಸರ್‌ಗಳಿದ್ದ ಅಶ್ವದಳದ ಬ್ರಿಗೇಡು 1914ರಲ್ಲಿ ಹೋದದ್ದು ಈಜಿಪ್ಟಿಗೆ. ಅದು ಸೂಯೆಜ್ ಕಾಲುವೆಯನ್ನು ಕಾದು, ಅನಂತರ ಪ್ಯಾಲೆಸ್ಟೀನಿನಲ್ಲಿ ಹೋರಾಡಿತು. ಜೋಧಪುರದವರು ಅದನ್ನು ಕೂಡಿಕೊಂಡದ್ದು 1918ರಲ್ಲಿ. ಬಸ್ರಾ ಇರುವುದು ಮೆಸೊಪೊಟೇಮಿಯಾದಲ್ಲಿ, ಅಂದರೆ ಇಂದಿನ ಇರಾಕಿನಲ್ಲಿ. ಇನ್ನು 1918ರ ಸೆಪ್ಟೆಂಬರ್ 23ರಂದು ಹೈಫಾದ ಮೇಲೆ ಎರಗಿದವರು ಮುಖ್ಯವಾಗಿ ಜೋಧಪುರ ಮತ್ತು ಮೈಸೂರಿನ ಸವಾರರು. ಮೂರೂ ಸಂಸ್ಥಾನಗಳ ದಳಗಳ ನೆನಪಿಗೆ ದೆಹಲಿಯಲ್ಲಿ ‘ತೀನ್ ಮೂರ್ತಿ’ ಎಂಬ ಮೂವರು ಸೈನಿಕರ ಪ್ರತಿಮೆಗಳ ಸ್ಮಾರಕ ನಿಂತಿರುವುದರಿಂದ ನಮ್ಮ ಸೀಮೆಯಲ್ಲಿ ಈ ಎಣಿಕೆ ಸ್ವಲ್ಪ ಅಳತೆ ಮೀರಿ ಬೆಳೆದಿದೆ.

ಪದಕದ ಮೇಲಿರುವ ಸವಾರನಾದರೂ ನಿಮ್ಮ ಮುತ್ತಜ್ಜನಲ್ಲ. ಅದು ಬ್ರಿಟಿಷ್ ವಾರ್ ಮೆಡಲ್ಲಿನ ಸಾಮಾನ್ಯ ಚಿತ್ರ. ಕಾಲಾಳುವಿಗೆ ಕೊಟ್ಟದ್ದರಲ್ಲಿಯೂ ಅದೇ ಕುದುರೆ ಇರುತ್ತದೆ. ಅದಕ್ಕಿಂತ ಮುಖ್ಯವಾದುದು ಲೋಹ. ಸೈನಿಕರಿಗೆ ಕೊಡುತ್ತಿದ್ದುದು ಬೆಳ್ಳಿಯ ಪದಕ. ಕಂಚಿನದು ಹೆಚ್ಚಾಗಿ ಕೂಲಿ ದಳಗಳಲ್ಲಿ ಮತ್ತು ಹೊರೆ ಹೊರುವ ದಳಗಳಲ್ಲಿ ದುಡಿದವರಿಗೆ ಸಂದಿತು. ಪದಕದ ಅಂಚಿನ ಸುತ್ತ ಸಂಖ್ಯೆ, ಹೆಸರು, ದಳದ ಹೆಸರು ಇಂಗ್ಲಿಷಿನಲ್ಲಿ ಒತ್ತಿರುತ್ತದೆ. ಹುಣಸೆಹಣ್ಣು, ಬೂದಿ ಹಚ್ಚಿ ದಯವಿಟ್ಟು ತಿಕ್ಕಬೇಡಿ, ಅಕ್ಷರಗಳು ಅಳಿಸಿಹೋಗುತ್ತವೆ. ಕತ್ತಲ ಕೋಣೆಯಲ್ಲಿ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿರಿ.

ಉತ್ತರ, ಬಳ್ಳಾರಿಯಿಂದ:
ರಾಯಚೂರಿನವರ ಮಾತನ್ನು ಒಪ್ಪುತ್ತೇನೆ. ಆದರೆ ‘ಕೂಲಿ’ ಎಂಬ ಮಾತಿಗೆ ನಿಮ್ಮ ಮನೆಯವರು ಮುಖ ಸಣ್ಣದು ಮಾಡಿಕೊಳ್ಳಬೇಕಾಗಿಲ್ಲ. 1914ರ ನವೆಂಬರಿನಲ್ಲಿ ಬಸ್ರಾ ಬ್ರಿಟಿಷರ ಕೈಸೇರಿದಾಗ ಅಲ್ಲಿ ದೊಡ್ಡ ಹಡಗುಗಳು ನೇರವಾಗಿ ಬಂದು ನಿಲ್ಲುವ ಧಕ್ಕೆಯೇ ಇರಲಿಲ್ಲ. ಸರಕನ್ನು ನದಿಯ ನಡುವೆಯೇ ದೋಣಿಗಳಿಗೆ ಇಳಿಸಿ, ದಡದ ಕೆಸರಿನಲ್ಲಿ ಹೆಗಲ ಮೇಲೆ ಹೊತ್ತು ತರಬೇಕಾಗಿದ್ದುದರಿಂದ, ಹಡಗುಗಳು ಸರದಿಗಾಗಿ ವಾರಗಟ್ಟಲೆ ಕಾಯುತ್ತಿದ್ದವು. ಬಸ್ರಾದಿಂದ ನದಿಯ ಮೇಲ್ಗಡೆಯ ಕುತ್ ಪಟ್ಟಣದಲ್ಲಿ ತುರ್ಕರ ಕೈಗೆ ಸಿಲುಕಿಕೊಂಡ ಬ್ರಿಟಿಷ್ ಜನರಲ್ ಟೌನ್‌ಶೆಂಡನ ಪಡೆ 147 ದಿನಗಳ ಮುತ್ತಿಗೆಯ ನಂತರ, 1916ರ ಏಪ್ರಿಲ್ 29ರಂದು, ಸುಮಾರು 13,000 ಜನರೊಂದಿಗೆ ಶರಣಾಯಿತು. ಬಿಡಿಸಲು ಹೊರಟ ಪಡೆಗೆ ಸಾಗಾಣಿಕೆಯ ಕೊರತೆ ಎಷ್ಟು ಅಡ್ಡಿಯಾಯಿತೆಂಬುದು ಮುಂದೆ ವಿಚಾರಣೆಯಲ್ಲಿ ಹೊರಬಿತ್ತು. ಹೊಸ ಧಕ್ಕೆಗಳು, ರೈಲು ಹಳಿಗಳು ಎದ್ದ ಮೇಲೆಯೇ 1917ರ ಮಾರ್ಚ್ 11ರಂದು ಬಾಗ್ದಾದ್ ಸಿಕ್ಕಿದ್ದು.

ಇನ್ನೊಂದು ಮಾತು: ಸೆರೆಸಿಕ್ಕ ತುರ್ಕಿ ಸೈನಿಕರಲ್ಲಿ ಕೆಲವರನ್ನು ನಮ್ಮ ಬಳ್ಳಾರಿಗೇ ತಂದು ಇಟ್ಟಿದ್ದರು, 1917ರಲ್ಲಿ ರೆಡ್ ಕ್ರಾಸ್ ಪ್ರತಿನಿಧಿಗಳು ಆ ಶಿಬಿರಕ್ಕೆ ಬಂದು ನೋಡಿ ಹೋದರು. ಹೊಳೆ ದಾಟಿದರೆ ಸಿಗುವ ಹೊಸಪೇಟೆ ಆಗ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ನಿಮ್ಮ ಮುತ್ತಜ್ಜ ನಿಜಾಮರ ಪ್ರಜೆಯಾಗಿದ್ದರೂ ಆಚೆ ದಡದಲ್ಲಿ ಹೆಸರು ಬರೆಸಿರಬಹುದು. ಆದ್ದರಿಂದ ಹೈದರಾಬಾದಿನ ದಾಖಲೆಗಳನ್ನಷ್ಟೇ ನೆಚ್ಚಿಕೊಳ್ಳಬೇಡಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಟಾರ್ಚ್ ಹಿಡಿದು ನೋಡಿದೆ. ಹೆಸರಿನ ಅರ್ಧ ಭಾಗ ಸವೆದುಹೋಗಿದೆ. ಪ್ರತಿ ದಸರೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದವರು ನಾವೇ. ಆದರೂ ‘ಲೇಬರ್ ಕೋರ್’, ಅಂದರೆ ಕೂಲಿ ದಳ, ಎಂಬ ಎರಡು ಪದಗಳನ್ನು ಸ್ಪಷ್ಟವಾಗಿ ಓದಬಹುದು. ಸೋದರತ್ತೆಗೆ ಓದಿ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದಕ್ಕೇ ಇರಬೇಕು, ಅವರ ಬಲಗಡೆಯ ಹೆಗಲು ಗಟ್ಟಿಬಿದ್ದಿತ್ತೆಂದು ನಮ್ಮಪ್ಪ ಹೇಳುತ್ತಿದ್ದ’ ಎಂದರು.