ಅಪ್‌ಡೇಟ್: ಪುಟ್ಟ ಸೈನಿಕನ ಬಟ್ಟೆಗೆ ಕೊನೆಗೂ ಕಾಡಿನ ಬಣ್ಣ ಬಂತು

ಹೋದ ತಿಂಗಳು ಕೇಳಿದ್ದೆ: 1/35 ಅಳತೆಯ ಅಮೆರಿಕನ್ ಸೈನಿಕನ ಗೊಂಬೆಗೆ 1981ರ ವುಡ್‌ಲ್ಯಾಂಡ್ ಕ್ಯಾಮಫ್ಲಾಜ್ (ಕಾಡಿನಲ್ಲಿ ಕಣ್ಣಿಗೆ ಬೀಳದಿರಲಿ ಅಂತ ಸೈನಿಕರ ಬಟ್ಟೆಗೆ ಹಾಕುವ ನಾಲ್ಕು ಬಣ್ಣದ ಮಚ್ಚೆಗಳ ವಿನ್ಯಾಸ) ಬರೆದರೆ ಹಸುವಿನ ಮೈಮೇಲಿನ ಮಚ್ಚೆ ಥರ ಕಾಣುತ್ತೆ, ಏನು ಮಾಡಲಿ ಅಂತ. ನೀವು ಹೇಳಿದ ಹಾಗೇ ಮಾಡಿದೆ. ಸರಿಹೋಯಿತು!

ತಪ್ಪಿದ್ದದ್ದು ಅಳತೆಯಲ್ಲಿ. ಗೊಂಬೆ ಬರೀ 5 ಸೆಂ.ಮೀ. ಎತ್ತರ. ನಿಜವಾದ ಬಟ್ಟೆಯ 10 ಸೆಂ.ಮೀ. ಮಚ್ಚೆ ಇಲ್ಲಿ 3 ಮಿ.ಮೀ.ಗೂ ಕಡಿಮೆ. ನಾನು ಅದರ ಎರಡರಷ್ಟು ಬರೆಯುತ್ತಿದ್ದೆ. ಈ ಸಲ ಮೊದಲು ಇಡೀ ಬಟ್ಟೆಗೆ ಮರಳಿನ ಬಣ್ಣ, ಅದರ ಮೇಲೆ ಹಸಿರು, ಕಂದು, ಕೊನೆಗೆ ಕಪ್ಪು. ಕಪ್ಪನ್ನು ಒಣ ಕಡ್ಡಿಯ ಕವಲಿನ ಹಾಗೆ ಸಣ್ಣಗೆ ಎಳೆದೆ. ಅಪ್ಪಟ ಕಪ್ಪಲ್ಲ, ಸ್ವಲ್ಪ ಬೂದು ಬೆರೆಸಿದ್ದು. ಬಣ್ಣ ಹಾಲಿನಷ್ಟು ತೆಳು. ಬ್ರಷ್ಷನ್ನು ಟಿಶ್ಯೂಗೆ ಒಮ್ಮೆ ಒತ್ತಿ, ಆಮೇಲೆ ತುದಿ ಮುಟ್ಟಿಸಿದರೆ ಸಾಕು. ಜೇಬಿನ ಮುಚ್ಚಳದ ಅಂಚಿನಲ್ಲಿ ಮಚ್ಚೆ ತುಂಡಾಗಬೇಕು ಅಂದಿರಲ್ಲ, ಅದರಿಂದಲೇ ಹೊಲಿದ ಬಟ್ಟೆಯ ಕಳೆ ಬಂತು.

ಒಂದು ಕಡೆ ಎಡವಿದೆ. ನಮ್ಮ ಚಿಕ್ಕಮಗಳೂರಿನ ಜುಲೈ ಮಳೆ ಗೊತ್ತಲ್ವಾ? ಆ ಥಂಡಿಯಲ್ಲೇ ಮ್ಯಾಟ್ ವಾರ್ನಿಷ್ (ಬಣ್ಣ ಕಾಪಾಡುವ, ಹೊಳಪಿಲ್ಲದ ಲೇಪ) ಸ್ಪ್ರೇ ಹೊಡೆದೆ. ಹೆಲ್ಮೆಟ್ ಪೂರ್ತಿ ಬೆಳ್ಳಗಾಯಿತು. ದಯವಿಟ್ಟು ಮಳೆ ಹೊಳವಾದ ದಿನ ನೋಡಿ ಹೊಡೆಯಿರಿ. ಹೆಲ್ಮೆಟ್‌ಗೆ ಈಗ ಮತ್ತೆ ಬಣ್ಣ ಹಚ್ಚುತ್ತಿದ್ದೇನೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.