ಅಪ್‌ಡೇಟ್: ದೊಡ್ಡಪ್ಪನ ಲ್ಯಾಪ್‌ಟಾಪ್ ಓದಿ ಹೇಳುತ್ತಿದೆ

ಕಣ್ಣು ಕಾಣದ ದೊಡ್ಡಪ್ಪ ದುಡ್ಡು ಕೊಟ್ಟು ಸಾಫ್ಟ್‌ವೇರ್ ಕೊಳ್ಳದೆ ಲ್ಯಾಪ್‌ಟಾಪ್ ಬಳಸಬಹುದಾ ಅಂತ ಕೇಳಿದ್ದೆ. ಬಳಸಬಹುದು! ಪರದೆಯಲ್ಲಿರುವುದನ್ನು ಓದಿ ಹೇಳುವ ನರೇಟರ್ ವಿಂಡೋಸ್‌ನಲ್ಲೇ ಇದೆಯಲ್ಲ, ಕಂಟ್ರೋಲ್, ವಿಂಡೋಸ್, ಎಂಟರ್ ಮೂರೂ ಒಟ್ಟಿಗೆ ಒತ್ತಿದರೆ ಶುರುವಾಗುತ್ತದೆ. ಪಾಸ್‌ವರ್ಡ್ ಕೇಳುವ ಪರದೆಯಲ್ಲೂ ಅದು ನಡೆಯುತ್ತದೆ. ಹಾಗಾಗಿ ಅವರು ಯಾರನ್ನೂ ಕರೆಯಬೇಕಿಲ್ಲ. ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಇದೇ. ಮಾತು ಸಾಕೆನಿಸಿದರೆ ಕಂಟ್ರೋಲ್ ಒಂದನ್ನೇ ಒತ್ತಿದರಾಯಿತು, ಸುಮ್ಮನಾಗುತ್ತದೆ.

ಶಿರಸಿಯ ಅಡಿಕೆ ದರ ಈಗ ಅವರೇ ಕೇಳಿಕೊಳ್ಳುತ್ತಾರೆ. ಪಟ್ಟಿಯಲ್ಲಿ ಕಂಟ್ರೋಲ್, ಆಲ್ಟ್ ಜೊತೆ ಬಾಣದ ಕೀ ಒತ್ತುತ್ತಾ ಹೋದರೆ ಚಾಲಿ, ರಾಶಿ ಅಂತ ಅಡಿಕೆಯ ಬಗೆಗಳನ್ನು ಒಂದೊಂದೇ ಓದುತ್ತದೆ. ಫೋಟೋ ತೆಗೆದು ಹಾಕಿದ ಪಟ್ಟಿ ಮಾತ್ರ ಹೀಗೆ ಓದಿಸಲು ಆಗುವುದಿಲ್ಲ.

ಕನ್ನಡ ಓದಿಸಲು ನರೇಟರ್‌ನಂತೆಯೇ ಓದಿ ಹೇಳುವ ಎನ್‌ವಿಡಿಎ ಎಂಬ ಸಾಫ್ಟ್‌ವೇರ್ ಹಾಕಿದೆವು. ಅದೂ ಉಚಿತ, ಬರಹವನ್ನು ಮಾತಾಗಿಸುವ ಇಸ್ಪೀಕ್‌ನ ಕನ್ನಡ ದನಿ ಅದರಲ್ಲೇ ಬರುತ್ತದೆ. ದನಿ ಸ್ವಲ್ಪ ಯಂತ್ರದಂತಿದೆ. ಇದಕ್ಕಿಂತ ಸಹಜವಾದ ಕನ್ನಡ ದನಿ ಬಳಸುತ್ತಿರುವವರು ದಯವಿಟ್ಟು ತಿಳಿಸಿ.