ಕ್ರೈಂ ಕಾದಂಬರೀಲಿ ಪೊಲೀಸನ ಹಳೇ ನೋವು, ಇಲಾಖೆಯ ಭ್ರಷ್ಟಾಚಾರ: ಎರಡನ್ನೂ ಒಂದೇ ಕಥೆ ಮಾಡೋದು ಹೇಗೆ?

ತುಂಗೆಯ ಮಗಳು
ಎಲ್ಲರಿಗೂ ನಮಸ್ಕಾರ. ಒಂದು ಕ್ರೈಂ ಕಾದಂಬರಿ ಬರೀತಿದೀನಿ, ಅರ್ಧಕ್ಕೆ ಬಂದಿದೆ. ಶಿವಮೊಗ್ಗ ಕಡೆ ಹೊಳೆ ಪಕ್ಕದ ಸಣ್ಣ ಊರು, ಅಲ್ಲಿನ ಠಾಣೆ, ಅಲ್ಲಿಗೆ ವರ್ಗ ಆಗಿ ಬರೋ ಒಬ್ಬ ಸಬ್ ಇನ್ಸ್‌ಪೆಕ್ಟರ್. ತೊಂಬತ್ತರ ದಶಕದಲ್ಲಿ ಇವನು ಚಿಕ್ಕೋನಿದ್ದಾಗ ಹೈಸ್ಕೂಲಿಗೆ ಹೋಗ್ತಿದ್ದ ಅಕ್ಕ ಇದೇ ಊರಲ್ಲಿ ಕಾಣೆಯಾಗಿದಾಳೆ, ಮತ್ತೆ ಸಿಕ್ಕೇ ಇಲ್ಲ. ಈಗಿನ ಕಥೇಲಿ ಮರಳು ದಂಧೆ, ಮೇಲಿನ ಆಫೀಸರ್‌ಗಳಿಗೂ ಪಾಲು ಹೋಗ್ತಿರುತ್ತೆ, ಒಬ್ಬ ಲಾರಿ ಕ್ಲೀನರ್ ಹುಡುಗ ಹೊಳೇಲಿ ಹೆಣವಾಗಿ ಸಿಗ್ತಾನೆ, ಕಾಲು ಜಾರಿ ಬಿದ್ದ ಅಂತ ಮುಗಿಸಿಬಿಡ್ತಾರೆ.

ಓದಿದ ಗೆಳತಿ ಹೇಳಿದ್ದು ಏನಂದ್ರೆ, ಅಕ್ಕನ ಭಾಗ ಪೂರ್ತಿ ಕಿತ್ತು ಹಾಕಿದ್ರೂ ಮರಳಿನ ಕಥೆಗೆ ಏನೂ ಆಗಲ್ಲ, ಹಾಗಿದ್ಮೇಲೆ ಅದು ಯಾಕಿದೆ ಅಂತ. ಅದು ತಲೇಲೇ ಕೂತಿದೆ. ಈಗ ಯಾವ ವೆಬ್ ಸೀರೀಸ್ ಹಾಕಿದ್ರೂ ಪೊಲೀಸನಿಗೊಂದು ಸತ್ತ ಮಗು, ಒಂದು ಬಾಟ್ಲು, ರಾತ್ರಿ ಬೆವರಿ ಎದ್ದು ಕೂರೋದು ಇದ್ದೇ ಇರುತ್ತೆ, ನನ್ನದು ಆ ಸಾಲಿಗೆ ಸೇರೋದು ನನಗೆ ಬೇಡ. ಆ ನೋವು ಮತ್ತೆ ಈ ಭ್ರಷ್ಟಾಚಾರ ಎರಡೂ ನಿಜವಾಗಿ ಒಂದಕ್ಕೊಂದು ಅಂಟಿಕೊಂಡಿರೋ ಪುಸ್ತಕ ಯಾವುದು ಓದಿದೀರಿ, ಅವರು ಅದನ್ನ ಹೇಗೆ ಮಾಡಿದಾರೆ?

ಹಳೇ ಪುಸ್ತಕದ ಗೂಡು
ಇದಕ್ಕೆ ನಾನು ಮೊದಲು ಕೊಡೋ ಪುಸ್ತಕ ಸ್ವೀಡನ್ನಿಂದು. ಮಾಯ್ ಶೋವಾಲ್, ಪೇರ್ ವಾಲೂ ಅಂತ ಇಬ್ಬರು ಜೊತೆಯಾಗಿ 1965ರಿಂದ 1975ರವರೆಗೆ ಮಾರ್ಟಿನ್ ಬೆಕ್ ಅನ್ನೋ ಪೊಲೀಸನ ಮೇಲೆ ಹತ್ತು ಕಾದಂಬರಿ ಬರೆದ್ರು. ಅದರಲ್ಲಿ 1971ರದ್ದು, ಇಂಗ್ಲಿಷಲ್ಲಿ 'ದಿ ಅಬಾಮಿನಬಲ್ ಮ್ಯಾನ್' ಅಂತ ಸಿಗುತ್ತೆ (ಮುಂದೆ ಕಥೆ ಹೇಳಿದೀನಿ, ಓದೋ ಆಸೆ ಇರೋರು ಈ ಪ್ಯಾರಾ ಬಿಡಿ). ಆಸ್ಪತ್ರೇಲಿ ಮಲಗಿರೋ ಒಬ್ಬ ಹಿರಿಯ ಪೊಲೀಸ್ ಅಧಿಕಾರೀನ ಯಾರೋ ಕೊಚ್ಚಿ ಹಾಕಿರ್ತಾರೆ. ಯಾಕೆ ಅಂತ ಹುಡುಕ್ತಾ ಹೋದ್ರೆ ಆತನ ಕ್ರೌರ್ಯದ ಬಗ್ಗೆ ವರ್ಷಗಟ್ಟಲೆ ಜನ ಕೊಟ್ಟ ದೂರುಗಳ ರಾಶಿ, ಒಂದಕ್ಕೂ ಕ್ರಮ ಆಗಿಲ್ಲ. ಕೊಂದವನೂ ಮಾಜಿ ಪೊಲೀಸೇ. ಅವನ ಹೆಂಡತಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ಸಿಗದೆ ಪ್ರಜ್ಞೆ ತಪ್ಪಿದವಳನ್ನ ಕುಡಿದು ಬಿದ್ದಿದಾಳೆ ಅಂತ ಲಾಕಪ್ಪಿಗೆ ಹಾಕಿದ್ರು, ಅಲ್ಲೇ ಸತ್ತಳು. ಅವನು ದೂರು ಕೊಟ್ಟ, ಮತ್ತೆ ಕೊಟ್ಟ, ಎಲ್ಲದಕ್ಕೂ ಹುರುಳಿಲ್ಲ ಅನ್ನೋ ಉತ್ತರ.

ಇಲ್ಲಿ ನೋಡಿ, ನೋವನ್ನ ತೆಗೆದ್ರೆ ಕೊಲೇನೇ ಇಲ್ಲ, ಭ್ರಷ್ಟ ವ್ಯವಸ್ಥೆ ತೆಗೆದ್ರೆ ನೋವೇ ಇಲ್ಲ. ಹೆಂಡತಿ ಸತ್ತ ದುಃಖ ಅವನನ್ನ ಅರ್ಧ ಮುರೀತು, ಆ ವಾಪಸ್ ಬಂದ ಪತ್ರಗಳು ಪೂರ್ತಿ ಮುರಿದ್ವು. ಲಂಚ ಅನ್ನೋದು ಆ ಪುಸ್ತಕದಲ್ಲಿ ಮುಖ್ಯಾನೇ ಅಲ್ಲ. ನಮ್ಮವರನ್ನ ನಾವು ಬಿಟ್ಟುಕೊಡಲ್ಲ ಅನ್ನೋ ಇಲಾಖೆಯ ಒಗ್ಗಟ್ಟಿದೆಯಲ್ಲ, ಅದೇ ಅಲ್ಲಿನ ಭ್ರಷ್ಟಾಚಾರ.

ಇನ್ನೊಬ್ಬ ಅಮೆರಿಕಾದ ಕ್ರೈಂ ಕಾದಂಬರಿಕಾರ ಜೇಮ್ಸ್ ಎಲ್‌ರಾಯ್. ಅವನಿಗೆ ಹತ್ತು ವರ್ಷ ಇದ್ದಾಗ, 1958ರಲ್ಲಿ, ಲಾಸ್ ಏಂಜಲೀಸ್ ಹತ್ರದ ಎಲ್ ಮಾಂಟೆಯಲ್ಲಿ ಅವನ ತಾಯಿ ಕೊಲೆಯಾದ್ರು, ಕೊಂದವನು ಸಿಗಲೇ ಇಲ್ಲ. 'ಎಲ್.ಎ. ಕಾನ್ಫಿಡೆನ್ಷಿಯಲ್' (1990) ಶುರುವಿನಲ್ಲೇ ಬರೋ ಲಾಕಪ್ ಹಲ್ಲೆ ನಿಜವಾಗಿ ನಡೆದಿದ್ದು, 1951ರ ಕ್ರಿಸ್ಮಸ್‌ನಲ್ಲಿ ಕುಡಿದ ಪೊಲೀಸರು ಏಳು ಜನ ಬಂಧಿತರನ್ನ ಬಡಿದು ಹಾಕಿದ್ರು. ಆ ಕಾದಂಬರೀಲಿ ಬಡ್ ವೈಟ್ ಅಂತ ಪೊಲೀಸ್, ಅವನು ಚಿಕ್ಕವನಿದ್ದಾಗ ಕಣ್ಣೆದುರೇ ಅವನ ಅಪ್ಪನೇ ಅಮ್ಮನನ್ನ ಹೊಡೆದು ಕೊಂದಿರ್ತಾನೆ, ಹಾಗಾಗಿ ಹೆಂಗಸರ ಮೇಲೆ ಕೈ ಮಾಡೋರನ್ನ ಕಂಡ್ರೆ ಇವನಿಗೆ ರಕ್ತ ಕುದಿಯುತ್ತೆ. ಮೇಲಧಿಕಾರಿ ಡಡ್ಲಿ ಸ್ಮಿತ್‌ಗೆ ಅದು ಗೊತ್ತು, ಆ ಕೋಪಾನ ತನಗೆ ಬೇಕಾದವರ ಮೂಳೆ ಮುರಿಸೋಕೆ ಬಳಸ್ಕೊಳ್ತಾನೆ. ನನ್ನ ಪ್ರಕಾರ ನಿಮಗೆ ಬೇಕಾಗಿರೋ ಕೀಲಿ ಇದು. ನಿಮ್ಮ ಎಸ್‌ಐ ಕಳ್ಕೊಂಡ ಅಕ್ಕನ ಕಥೆ ಅವನ ಮೇಲಿನ ಸಾಹೇಬರಿಗೆ ಗೊತ್ತಾ? ಗೊತ್ತಿದ್ರೆ ಅವರು ಅದನ್ನ ಹೇಗೆ ಬಳಸ್ಕೊಳ್ತಾರೆ?

ಮೌನಿ_77
ನಾನು ಕೌನ್ಸೆಲಿಂಗ್ ಕೆಲಸದಲ್ಲಿರೋಳು, ಕಥೆ ಬರೆಯೋಕೆ ಬರಲ್ಲ, ಆದ್ರೆ ಈ ವಿಷಯಕ್ಕೆ ಹೇಳೋದಿದೆ.

ಜೊನಾಥನ್ ಶೇ ಅಂತ ಅಮೆರಿಕಾದ ಡಾಕ್ಟರ್, ವಿಯೆಟ್ನಾಂ ಯುದ್ಧದಿಂದ ವಾಪಸ್ ಬಂದ ಸೈನಿಕರ ಜೊತೆ ಕೆಲಸ ಮಾಡಿ 1994ರಲ್ಲಿ ಒಂದು ಪುಸ್ತಕ ಬರೆದ್ರು. ಗುಂಡು, ಸಾವು ಮಾತ್ರ ಅಲ್ಲ, ಪ್ರಾಣದ ಪ್ರಶ್ನೆ ಇರೋ ಹೊತ್ತಲ್ಲಿ ಅಧಿಕಾರದಲ್ಲಿರೋರೇ ನ್ಯಾಯ ಬಿಟ್ಟು ನಡ್ಕೊಂಡಾಗ ಆಗೋ ಗಾಯ ಬೇರೇನೇ, ಅದು ವಾಸಿಯಾಗೋದು ತುಂಬಾ ಕಷ್ಟ ಅಂತ. ಜೆನಿಫರ್ ಫ್ರೈಡ್ ಅನ್ನೋ ಮನಶ್ಶಾಸ್ತ್ರಜ್ಞೆ ಸಂಸ್ಥೆಗಳ ಬಗ್ಗೆ ಇಂಥದ್ದೇ ಮಾತು ಹೇಳಿದ್ರು, ಕಾಪಾಡಬೇಕಾದ ಕಾಲೇಜೋ ಆಸ್ಪತ್ರೆನೋ ಮುಖ ತಿರುಗಿಸಿದ್ರೆ ಮೊದಲ ಪೆಟ್ಟಿನ ಮೇಲೆ ಇನ್ನೊಂದು ಪೆಟ್ಟು ಬೀಳುತ್ತೆ ಅಂತ. ಅಂದ್ರೆ ನೀವು ಬೇರೆ ಬೇರೆ ಅಂದ್ಕೊಂಡಿರೋ ಎರಡು ವಿಷಯ ಎಷ್ಟೋ ಸಲ ಒಬ್ಬರ ಬದುಕಲ್ಲಿ ಒಂದೇ ಘಟನೆ ಆಗಿರುತ್ತೆ.

ಇನ್ನೊಂದು ತುಂಬಾ ಮುಖ್ಯ. ಭಯಂಕರವಾದದ್ದನ್ನ ಅನುಭವಿಸಿದೋರಿಗೆ ನೆನಪು ಎಷ್ಟೋ ಸಲ ಸಾಲಾಗಿ ಬರಲ್ಲ. ಒಂದು ವಾಸನೆ, ಬಾಗಿಲಿನ ಬಣ್ಣ, ಯಾರದೋ ಚಪ್ಪಲಿ ಸದ್ದು ಇವೆಲ್ಲ ಸ್ಪಷ್ಟವಾಗಿರುತ್ತೆ, ಎಷ್ಟು ಗಂಟೆ, ಮೊದಲು ಯಾರು ಬಂದ್ರು ಅಂದ್ರೆ ತಡವರಿಸ್ತಾರೆ, ಒಂದು ವಾರ ಬಿಟ್ಟು ಕೇಳಿದ್ರೆ ಕ್ರಮ ಬದಲಾಗುತ್ತೆ. ಪೊಲೀಸು, ಕೋರ್ಟು ಕೇಳೋದು ಸಾಲಾಗಿರೋ ಕಥೇನ. ಕೇಸ್ ಮುಗಿಸಬೇಕು ಅಂತಿರೋ ಆಫೀಸರ್‌ಗೆ ಇದಕ್ಕಿಂತ ಅನುಕೂಲ ಏನಿದೆ, ಹೇಳಿಕೆ ತಾಳೆ ಆಗ್ತಿಲ್ಲ ಅಂತ ಒಂದು ಸಾಲು ಬರೆದ್ರೆ ಆಯ್ತು. ಸುಳ್ಳು ಸಾಕ್ಷಿ ಸೃಷ್ಟಿಸೋದೂ ಬೇಕಾಗಿಲ್ಲ. ಅಕ್ಕ ಹೋದ ದಿನ ನಿಮ್ಮ ಎಸ್‌ಐ ಏನಾದ್ರೂ ನೋಡಿದ್ನಾ, ಆಗ ಠಾಣೇಲಿ ಹೇಳಿದ್ನಾ, ಆ ಮಗುವಿನ ಮಾತನ್ನ ಬರ್ಕೊಂಡವರು ಏನು ಮಾಡಿದ್ರು? ಬೆವರಿ ಏಳೋ ಕನಸುಗಳನ್ನೆಲ್ಲ ಬಿಡಿ. ಅವನು ಊರಲ್ಲಿ ಯಾವ ರಸ್ತೇಲಿ ಹೋಗೋದೇ ಇಲ್ಲ ಅಂತ ಯೋಚಿಸಿ.

ಸಂಜೆ ಬಸ್ಸು
ಮೇಲಿನ ಇಬ್ಬರ ಮಾತೂ ಸರಿ, ಆದರೆ ನನ್ನದೊಂದು ತಕರಾರು. ಯಾಕೆ ಯಾವಾಗ್ಲೂ ಪೊಲೀಸನ ನೋವೇ? ಸತ್ತಿರೋದು ಕ್ಲೀನರ್ ಹುಡುಗ. ಅವನ ಮನೆಯವರಿಗೆ ಏನಾಯ್ತು ಅನ್ನೋದು ನಿಮ್ಮ ವಿವರಣೇಲಿ ಒಂದು ಸಾಲೂ ಇಲ್ಲ. ಎಂ. ಚಂದ್ರಕುಮಾರ್ ಬರೆದ 'ಲಾಕಪ್' ಓದಿ, ಕೊಯಮತ್ತೂರಿನ ಆಟೋ ಡ್ರೈವರ್ ಅವರು, 1983ರಲ್ಲಿ ಗುಂಟೂರಲ್ಲಿ ಮಾಡದ ಕಳ್ಳತನಾನ ಒಪ್ಪಿಸೋಕೆ ಪೊಲೀಸರು ಹೊಡೆದದ್ದನ್ನ ತಾವೇ ಬರೆದಿದಾರೆ, ವೆಟ್ರಿಮಾರನ್ ಅವರ 'ವಿಸಾರಣೈ' ಸಿನಿಮಾ ಆಗಿದ್ದು ಅದರಿಂದಾನೇ. ಆ ಪುಸ್ತಕದಲ್ಲಿ ಮನಸ್ಸಾಕ್ಷಿ ಚುಚ್ಚೋ ಪೊಲೀಸನ ಕಣ್ಣಿಂದ ಏನನ್ನೂ ನೋಡಲ್ಲ, ಏಟು ತಿನ್ನೋನ ಬೆನ್ನಿನ ಕಡೆಯಿಂದ ನೋಡ್ತೀವಿ. ಎಸ್‌ಐ ಒಳ್ಳೆಯವನು, ಅವನಿಗೂ ನೋವಿದೆ ಅಂತ ಓದುಗರಿಗೆ ಸಮಾಧಾನ ಕೊಟ್ಟುಬಿಟ್ರೆ ಠಾಣೆ ತಪ್ಪಿಸಿಕೊಳ್ಳುತ್ತೆ.

ತುಂಗೆಯ ಮಗಳು
ಸಂಜೆ ಬಸ್ಸು, ಈ ಮಾತು ನಾಟಿತು. ಹುಡುಗನ ಅಮ್ಮನನ್ನ ಒಳಗೆ ತರ್ತೀನಿ. ಮೌನಿ ಮೇಡಂ, ರಸ್ತೆ ವಿಷಯ ಓದಿದ ತಕ್ಷಣ ನನಗೆ ಒಂದು ಅಧ್ಯಾಯಾನೇ ಕಾಣಿಸ್ತು. ಈಗ ಒಂದು ಪ್ರಾಕ್ಟಿಕಲ್ ಪ್ರಶ್ನೆ, ಒಂದು ಸಾವನ್ನ ಮುಚ್ಚಿಹಾಕೋದು ಅಂದ್ರೆ ಕಾಗದದ ಮೇಲೆ ಏನು ಮಾಡ್ತಾರೆ? ವಕೀಲರು ಯಾರಾದ್ರೂ ಇದೀರಾ?

ಕರಿಕೋಟು ಧಾರವಾಡ
ಅದೀನ್ರಿ ಮೇಡಂ. ಹೊಳಿಯಾಗ ಹೆಣಾ ಸಿಕ್ತು ಅಂದ್ರ ಮೊದಲ ಯುಡಿಆರ್ ಮಾಡ್ತಾರ, ಅಸಹಜ ಸಾವು ಅಂತ. ಹಳೇ ಕ್ರಿಮಿನಲ್ ಪ್ರಕ್ರಿಯಾ ಕಾಯ್ದೆ ಸಿಆರ್‌ಪಿಸಿಯ ಕಲಂ 174, 2024ರ ಜುಲೈಯಿಂದ ಅದರ ಜಾಗಕ್ಕ ಬಂದ ಬಿಎನ್‌ಎಸ್‌ಎಸ್‌ನ ಕಲಂ 194. ಇದರೊಳಗ ಒಂದು ಮಜಕೂರ ಭಾಳ ಮಂದಿಗೆ ಗೊತ್ತಿಲ್ಲ, ಯುಡಿಆರ್ ವರದಿ ಹೋಗೋದು ಎಸಿ ಸಾಹೇಬರ, ಅಂದ್ರ ಉಪವಿಭಾಗಾಧಿಕಾರಿ ಆಫೀಸಿಗೆ, ಜಡ್ಜ್ ಮುಂದ ಹೋಗಂಗಿಲ್ಲ. ಅಂದ್ರ ಎಫ್‌ಐಆರ್ ಮಾಡದ ಯುಡಿಆರ್‌ನಾಗ ಮುಗಿಸಿದ್ರ ಕೋರ್ಟಿಗೆ ಆ ಹುಡುಗ ಸತ್ತಾನ ಅಂತಾನೂ ಗೊತ್ತಾಗಂಗಿಲ್ಲ. ಪಂಚನಾಮಾಕ್ಕ ಸಹಿ ಹಾಕಾಕ ಠಾಣೆಗೆ ಬೇಕಾದ ಪಂಚರು ಇದ್ದ ಇರ್ತಾರ, ಮೈಮ್ಯಾಲಿನ ಗಾಯ ಕಲ್ಲಿಗೆ ಬಡದು ಆದದ್ದು ಅಂತ ಬರದ್ರ ಮುಗೀತು. ನಿಮ್ಮ ಕಥಿಯೊಳಗ ಠಾಣೆ ರೈಟರ್‌ನ, ಅಂದ್ರ ಅಲ್ಲಿನ ಕಾಗದಪತ್ರ ಬರಿಯೋ ಪೊಲೀಸನ್ನ ಬಿಡಬ್ಯಾಡ್ರಿ. ಸಾಹೇಬ್ರು ವರ್ಗ ಆಗಿ ಹೋಗ್ತಾರ, ಯಾವ ಫೈಲಿನ್ಯಾಗ ಏನೈತಿ ಅಂತ ಅವಂಗ ಗೊತ್ತಿರತೈತಿ.

ಅಕ್ಕನ ಕೇಸಿಗೂ ಇದರಾಗ ದಾರಿ ಐತಿ. ಕಾಣೆಯಾದ ಮಕ್ಕಳ ವಿಷಯದಾಗ ಎಫ್‌ಐಆರ್ ಮಾಡಾಕಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2013ರಾಗ. ತೊಂಬತ್ತರ ದಶಕದಾಗ ಯಾರ ಜೋಡಿನೋ ಓಡಿ ಹೋಗಿರಬೇಕು ತಗೋ ಅಂತ ಸ್ಟೇಷನ್ ಡೈರಿಯೊಳಗ ಎರಡು ಸಾಲು ಬರದು ಕಳಿಸಿದ್ರೂ ಕೇಳೋರಿರಲಿಲ್ಲ. ಆ ಎರಡು ಸಾಲು ಬರದಾವ ಮತ್ತ ಈಗಿನ ಯುಡಿಆರ್ ಬರದಾವ ಒಬ್ಬನ ಆಗಿದ್ರ?

ಹುಡುಗನ ಅವ್ವ ಸುಮ್ಮನ ಕೂಡಬೇಕಾಗಿಲ್ರಿ. ಜೆಎಂಎಫ್‌ಸಿ, ಅಂದ್ರ ಮ್ಯಾಜಿಸ್ಟ್ರೇಟ್ ಕೋರ್ಟಿನ್ಯಾಗ ಖಾಸಗಿ ದೂರು ಹಾಕಬಹುದು, ಜಡ್ಜ್ ಸಾಹೇಬ್ರು ಎಫ್‌ಐಆರ್ ಮಾಡಿ ತನಿಖಿ ಮಾಡ್ರಿ ಅಂತ ಠಾಣೆಗೆ ಆದೇಶ ಮಾಡಬಹುದು. ಆಮ್ಯಾಲೆ ಅದ ಠಾಣೆಯವರು ಬಿ ರಿಪೋರ್ಟ್ ಹಾಕ್ತಾರ, ದೂರು ಸುಳ್ಳು ಅಂತ. ಆದ್ರ ಅಲ್ಲಿಗೂ ಮುಗಿಯಂಗಿಲ್ಲ, 1985ರ ಭಗವಂತ್ ಸಿಂಗ್ ತೀರ್ಪಿನ ಪ್ರಕಾರ ಅದನ್ನ ಒಪ್ಪೋದಕ್ಕಿಂತ ಮೊದಲ ದೂರು ಕೊಟ್ಟವರಿಗೆ ತಿಳಿಸಿ ಅವರ ಮಾತು ಕೇಳಬೇಕು, ಅವರು ತಕರಾರು ಅರ್ಜಿ ಹಾಕಬಹುದು. ಇನ್ನ ಆ ನೋಟಿಸ್ ಜಾರಿ ಮಾಡೋ ಕೆಲಸ ಮತ್ತ ಅದ ಠಾಣೆಯ ಪೇದೆ ಕೈಯಾಗ ಬಂತಂದ್ರ, ವಿಳಾಸದಾಗ ಇಲ್ಲ ಅಂತ ಷರಾ ಬರದು ವಾಪಸ್ ಕಳಿಸೋದು ಎಷ್ಟೊತ್ತಿನ ಕೆಲಸ. ನಿಮ್ಮ ಎಸ್‌ಐಗೆ ಆ ನೋಟಿಸ್ ಕೊಟ್ಟು ನೋಡ್ರಿ, ಏನ್ ಮಾಡ್ತಾನ.